ಸಮಾಧಿ ಇಲ್ಲದ ಬಿಷಪ್

ನವೆಂಬರ್ ಕೊನೆಯ ವಾರ ಬಂತಂದ್ರೆ ನಮ್ಮ ಗುಂಜಿ ಹೆದ್ದಾರಿಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಡೆದು ಹೋಗೋ ಮಂದಿ ಕಾಣಸ್ತಾರೆ. ಬೆಳಗಾವಿ, ಖಾನಾಪುರ ಕಡೆಯ ಕ್ರೈಸ್ತರು. ಲೋಂಡಾ, ರಾಮನಗರ ದಾಟಿ, ಅನಮೋಡ ಘಾಟ ಇಳಿದು ಹಳೇ ಗೋವಾಕ್ಕೆ ಹೊಂಟಿರತಾರೆ. ಡಿಸೆಂಬರ್ 3ಕ್ಕೆ ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಗೋವಾದ ಜನ ಅವರನ್ನು ಪ್ರೀತಿಯಿಂದ ‘ಗೋಂಯ್ಚೊ ಸಾಯಬ್’ ಅಂತಾರೆ, ಅಂದ್ರೆ ಗೋವಾದ ಒಡೆಯ. ಬೆಳ್ಳಿ ಪೆಟ್ಟಿಗೆಯೊಳಗೆ ಅವರ ಪಾರ್ಥಿವ ಶರೀರ ಇದೆ. ಅದಕ್ಕೇ ಜನ ನಡೀತಾರೆ.

ನಮ್ಮ ತಾಲೂಕಿನಲ್ಲೇ ನಂದಗಡಕ್ಕೆ ಹೋಗಿ ನೋಡ್ರಿ. 1831ರ ಜನವರಿ 26ರಂದು ಬ್ರಿಟಿಷರು ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಸಮಾಧಿ ಇದೆ, ಮೇಲೊಂದು ಆಲದ ಮರ. ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಹಿಂದೂ ಇರಲಿ, ಕ್ರೈಸ್ತ ಇರಲಿ, ಕೈ ಮುಗಿಯೋಕೆ ನಮಗೆ ಒಂದು ಜಾಗ ಬೇಕು.

ಹಂಗಾದ್ರೆ ಜಾಗವೇ ಇಲ್ಲದವರ ಗತಿ ಏನು? ಝೇವಿಯರ್ ಗೋವಾಕ್ಕೆ ಬಂದದ್ದು 1542ರಲ್ಲಿ. ಅದಕ್ಕಿಂತ ಇನ್ನೂರು ವರ್ಷಕ್ಕೂ ಮೊದಲು ಇದೇ ಪಶ್ಚಿಮ ಕರಾವಳಿಯಲ್ಲಿ ಓಡಾಡಿ, ಭಾರತದ ಮೊದಲ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ ಬಿಷಪ್ ಆಗಿ ನೇಮಕಗೊಂಡವರೊಬ್ಬರಿದ್ದರು. ಹೆಸರು ಜೋರ್ಡಾನಸ್, ದಕ್ಷಿಣ ಫ್ರಾನ್ಸಿನ ಸೆವೆರಾಕ್ ಊರಿನವರು, ಡೊಮಿನಿಕನ್ ಸಂನ್ಯಾಸಿ.

1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ನರ ಜೊತೆ ಅವರು ಹಡಗು ಹತ್ತಿದರು. ಹೋಗಬೇಕಾದದ್ದು ಕೇರಳದ ಕೊಲ್ಲಂಗೆ, ಗಾಳಿ ತಳ್ಳಿದ್ದು ಮುಂಬೈ ಪಕ್ಕದ ಠಾಣೆಗೆ. ಅಲ್ಲಿ ಹದಿನೈದು ಮನೆ ನೆಸ್ಟೋರಿಯನ್ ಕ್ರೈಸ್ತರಿದ್ದರು. ಸ್ವಲ್ಪ ದಿನಕ್ಕೆ ಜೋರ್ಡಾನಸ್ ಗುಜರಾತಿನ ಭರೂಚ್ ಕಡೆ ಹೊರಟರು, ಉಳಿದವರು ಠಾಣೆಯಲ್ಲೇ ನಿಂತರು. ಮುಂದಿನ ಕಥೆಯನ್ನು ಆ ಮೇಲೆ ಬಂದ ಯಾತ್ರಿಕ ಒದೊರಿಕ್ ಬರೆದಿಟ್ಟಿದ್ದಾರೆ. ಅವರು ಇಳಿದುಕೊಂಡಿದ್ದ ಮನೆಯಲ್ಲಿ ಗಂಡ ಹೆಂಡತಿಗೆ ಜಗಳವಾಯಿತು, ಗಂಡ ಹೊಡೆದ, ಹೆಂಡತಿ ಖಾಜಿಯ ಹತ್ತಿರ ದೂರು ಒಯ್ದಳು. ಸಾಕ್ಷಿ ಯಾರು ಅಂದಾಗ ಈ ಸಂನ್ಯಾಸಿಗಳ ಕಡೆ ಕೈ ತೋರಿಸಿದಳು. ಸಾಕ್ಷಿ ಹೇಳೋಕೆ ಹೋದವರ ಮಾತು ಧರ್ಮದ ವಾದಕ್ಕೆ ತಿರುಗಿತು. ಕೊನೆಗೆ ನಾಲ್ವರೂ ಪ್ರಾಣ ಕಳೆದುಕೊಂಡರು.

ಸುದ್ದಿ ಕೇಳಿ ಜೋರ್ಡಾನಸ್ ತಿರುಗಿ ಬಂದರು. ಶವಗಳನ್ನು ಸೋಪಾರಕ್ಕೆ ಒಯ್ದು ಮಣ್ಣು ಮಾಡಿದರು. ಆಮೇಲೆ ಒಬ್ಬರೇ. ಆ ಕಾಲದ ಅವರ ಎರಡು ಪತ್ರ ಉಳಿದಿವೆ. ಹಸಿವು, ಸೆರೆವಾಸ, ಕಡಲ್ಗಳ್ಳರ ಕಾಟ, ಒಂಟಿತನ, ಎಲ್ಲ ಅದರಲ್ಲಿದೆ. ಜೊತೆಗೆ ಲೆಕ್ಕವೂ ಇದೆ: ಭರೂಚ್‌ನಲ್ಲಿ 90 ಜನಕ್ಕೆ, ಠಾಣೆ ಸೋಪಾರ ನಡುವೆ 35 ಜನಕ್ಕೆ ದೀಕ್ಷಾಸ್ನಾನ ಕೊಟ್ಟೆ, ಬೇಗ ಇನ್ನಷ್ಟು ಮಂದಿಯನ್ನು ಕಳಿಸಿರಿ ಅಂತ.

ಅವರು ಹೂಳಿದ ಎಲುಬುಗಳನ್ನು ಒದೊರಿಕ್ ತೆಗೆಸಿಕೊಂಡು ಚೀನಾದವರೆಗೆ ಹೊತ್ತೊಯ್ದರು. ಆ ನಾಲ್ವರಲ್ಲಿ ಹಿರಿಯರಾದ ತೊಲೆಂತಿನೊ ಊರಿನ ಥಾಮಸ್‌ರ ಆರಾಧನೆಗೆ 1894ರಲ್ಲಿ ಪೋಪ್ 13ನೇ ಲಿಯೋ ಒಪ್ಪಿಗೆ ಕೊಟ್ಟರು. ಏಪ್ರಿಲ್ 9 ಅವರ ಹಬ್ಬ.

ಹೂಳಿದವರಿಗೆ ಸಿಕ್ಕಿದ್ದು ಪದವಿ. ಆಗ ಪೋಪ್ ಇರುತ್ತಿದ್ದದ್ದು ರೋಮ್‌ನಲ್ಲಿ ಅಲ್ಲ, ಫ್ರಾನ್ಸಿನ ಅವಿಞೋನ್ ಊರಲ್ಲಿ. 1329ರ ಆಗಸ್ಟ್‌ನಲ್ಲಿ ಪೋಪ್ 22ನೇ ಜಾನ್ ಕೊಲ್ಲಂ ಧರ್ಮಪ್ರಾಂತ್ಯ ಸ್ಥಾಪಿಸಿ ಜೋರ್ಡಾನಸ್‌ರನ್ನು ಬಿಷಪ್ ಮಾಡಿದರು. ಆ ಹೊತ್ತಿಗೆ ನಮ್ಮ ಬೆಳಗಾವಿ ಕೋಟೆಯ ಕಮಲ ಬಸದಿಗೆ ನೂರಿಪ್ಪತ್ತೈದು ವರ್ಷ. 1204ರ ಆ ಬಸದಿಯನ್ನು ಕಟ್ಟಿಸಿದವ ರಟ್ಟರ ಮಂತ್ರಿ ಬೀಚಣ ಅಂತ ನಮಗೆ ಗೊತ್ತಿರೋದು ಕಲ್ಲಿನ ಶಾಸನದಿಂದ. ಜೋರ್ಡಾನಸ್‌ಗೆ ಕಲ್ಲಿನ ಪುಣ್ಯ ಇರಲಿಲ್ಲ. ಪೋಪ್ ಕೊಟ್ಟ ಪತ್ರಗಳನ್ನು ಹಿಡಿದು ಪೂರ್ವಕ್ಕೆ ಹೊರಟರು. ಅವರು ಕೊಲ್ಲಂ ಮುಟ್ಟಿದರು ಅನ್ನೋದಕ್ಕೆ ದಾಖಲೆ ಇಲ್ಲ, ಗೋರಿಯೂ ಇಲ್ಲ. ಸುಮಾರು 1348ರಲ್ಲಿ ಪೋಪರ ದೂತ ಮರಿಞೊಲ್ಲಿ ಕೊಲ್ಲಂಗೆ ಬಂದಾಗ ಅಲ್ಲಿ ಸಂತ ಜಾರ್ಜ್ ಹೆಸರಿನ ಲ್ಯಾಟಿನ್ ಚರ್ಚ್ ಇತ್ತು, ಅಷ್ಟೇ.

ಆದರೆ ಒಂದು ಪುಸ್ತಕ ಬಿಟ್ಟು ಹೋದರು, ಲ್ಯಾಟಿನ್ ಭಾಷೆಯ ‘ಮಿರಾಬಿಲಿಯಾ ಡಿಸ್ಕ್ರಿಪ್ಟಾ’. ಕಂಡ ಅಚ್ಚರಿಗಳ ವರ್ಣನೆ. 1863ರಲ್ಲಿ ಹೆನ್ರಿ ಯೂಲ್ ಅದನ್ನು ಇಂಗ್ಲಿಷಿಗೆ ತಂದರು. ಹಲಸಿನ ಹಣ್ಣು ಒಂದಿದ್ದರೆ ಐದು ಜನಕ್ಕೆ ಸಾಕು ಅಂತ ಬರೀತಾರೆ. ಮಾವಿನ ರುಚಿಗೆ ಮಾತೇ ಸಾಲದು ಅಂತಾರೆ. ತೆಂಗು, ಆನೆ, ಗಿಳಿ ಎಲ್ಲ ಬರ್ತಾವೆ. ಇಲ್ಲಿನ ಜನ ಊಟದಲ್ಲಿ ಶುಚಿ, ಮಾತಿನಲ್ಲಿ ಸತ್ಯ, ನ್ಯಾಯದಲ್ಲಿ ಗಟ್ಟಿ ಅಂತ ಹೊಗಳಿದ್ದಾರೆ. ಹಂಗಂತ ಬರೀ ಭಕ್ತ ಅಂದ್ಕೋಬೇಡ್ರಿ. ಪೋಪ್ ಈ ಸಮುದ್ರದಲ್ಲಿ ಎರಡು ಯುದ್ಧದ ಹಡಗು ಇಟ್ಟರೆ ಎಷ್ಟು ಲಾಭ ಅನ್ನೋ ಲೆಕ್ಕವೂ ಅವರ ತಲೆಯಲ್ಲಿತ್ತು. ಪೋರ್ಚುಗೀಸರು ಮುಂದೆ ಮಾಡಿದ್ದು ಅದನ್ನೇ. ಆ ಮಾತನ್ನು ಮುಚ್ಚಿಟ್ಟು ಅವರನ್ನು ಸಂತ ಮಾಡೋದು ನನಗೆ ಬೇಕಾಗಿಲ್ಲ.

ನನಗೆ ನೆನಪಲ್ಲಿ ಉಳಿಯೋದು ಬೇರೆ. ಗೆಳೆಯರ ಹೆಣ ಹೊತ್ತು ಮಣ್ಣು ಕೊಟ್ಟವರು, ಹೆಸರು ಬರೆದಿಟ್ಟವರು. ಆ ಹೆಸರಿಗೆ ಹಬ್ಬ ಬಂತು, ಬರೆದವರಿಗೆ ಬರಲಿಲ್ಲ. 2029ಕ್ಕೆ ಕೊಲ್ಲಂ ಧರ್ಮಪ್ರಾಂತ್ಯ ಸ್ಥಾಪನೆಯಾಗಿ ಏಳುನೂರು ವರ್ಷ ತುಂಬುತ್ತದೆ. ಅವರಿಗಾಗಿ ಎಲ್ಲಿಗೆ ನಡೆದು ಹೋಗಬೇಕು ಅಂತ ಕೇಳಿದರೆ ಹೇಳೋಕೆ ಊರಿಲ್ಲ. ಬೇಸಿಗೆಯಲ್ಲಿ ನಮ್ಮ ಕಾಡಂಚಿನ ಹಲಸು ಕೊಯ್ದು ಐದು ಜನ ಕೂತು ತಿನ್ನೋವಾಗ ಒಂದು ತೊಳೆ ಅವರ ಹೆಸರಿಗೆ ಇರಲಿ.