ಮೂರು ಜನವರಿಗಳು, ಆರದ ಒಂದು ಒಲೆ



2019ರ ಜನವರಿ 21, ಸೋಮವಾರ, ಬನದ ಹುಣ್ಣಿಮೆ. ಅಂದು ಬೆಳಗಿನ ಜಾವ ಇಂಗ್ಲೆಂಡಿನ ಆಕಾಶದಲ್ಲಿ ಪೂರ್ಣ ಚಂದ್ರಗ್ರಹಣವಿತ್ತು. ಮಕ್ಕಳನ್ನು ಎಬ್ಬಿಸಿ, ಕಂಬಳಿ ಹೊದಿಸಿ, ಮನೆಯ ಹಿತ್ತಲಿಗೆ ಕರೆದೊಯ್ದು, ತಾಮ್ರದ ಬಣ್ಣಕ್ಕೆ ತಿರುಗಿದ್ದ ಚಂದ್ರನನ್ನು ತೋರಿಸಿದ್ದೆವು. 6 ಗಂಟೆಯ ಸುಮಾರಿಗೆ ನೆರಳು ಸರಿಯತೊಡಗಿತು. ನಾವು ಒಳಗೆ ಬಂದು ಹಾಲು ಕಾಯಿಸಿದೆವು. ಅದೇ ಹೊತ್ತಿನಲ್ಲಿ, ಭಾರತದ ಕಾಲಮಾನದಲ್ಲಿ 11 ಗಂಟೆ 44 ನಿಮಿಷಕ್ಕೆ, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಡಾ. ಶ್ರೀ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾಗಿದ್ದರು. ಅವರಿಗೆ ಆಗ 111 ವರ್ಷ. ಗ್ರಹಣವನ್ನು ಶಕುನವೆಂದು ನಾವು ಇಲ್ಲಿ ಬರೆಯುತ್ತಿಲ್ಲ; ತುಮಕೂರಿನವರಿಗೆ ಆ ಗ್ರಹಣ ಕಾಣಿಸಲೂ ಇಲ್ಲ. ಆ ಬೆಳಗು ಮನಸ್ಸಿನಲ್ಲಿ ಉಳಿದದ್ದಕ್ಕೆ ಅದೊಂದು ಗುರುತು, ಅಷ್ಟೆ.

ಸುದ್ದಿ ನಮಗೆ ತಲುಪಿದ್ದು ಸುಮಾರು ಎರಡು ಗಂಟೆಗಳ ನಂತರ. ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಊರಿನಿಂದ ತಂದೆಯವರ ಕರೆ ಬಂದಿತು. "ಬುದ್ಧಿಯೋರು ಹೋಗ್ಬಿಟ್ರಪ್ಪ" ಎಂದರು. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಮಕ್ಕಳದು ಊಟ ಆಗ್ಲಿ ಅಂತ ಕಾದು ಆಮೇಲೆ ಹೇಳಿದ್ರಂತೆ" ಎಂದರು. ತಂದೆಯವರ ದುಃಖದ ಮೊದಲ ಮಾತು ಗುರುವಿನದಾಗಿದ್ದರೆ, ಎರಡನೆಯ ಮಾತು ಊಟದ್ದಾಗಿತ್ತು. ಅಂದು ಅದು ನಮಗೆ ಸ್ವಲ್ಪ ವಿಚಿತ್ರವಾಗಿ ಕೇಳಿಸಿತು. ಮಠದ ಇತಿಹಾಸವನ್ನು ಹಿಂದಿನಿಂದ ಓದುತ್ತಾ ಬಂದಂತೆ ಆ ಎರಡು ಮಾತುಗಳು ಬೇರೆ ಬೇರೆಯಲ್ಲವೆಂದು ತಿಳಿಯಿತು. ಈ ಲೇಖನ ಅದನ್ನೇ ಕುರಿತದ್ದು.

ಸಿದ್ಧಗಂಗೆಯ ಹೆಸರು ಬಲ್ಲವರಿಗೂ ಅದರ ಕಥೆ ಪೂರ್ತಿಯಾಗಿ ತಿಳಿದಿರುವುದಿಲ್ಲ. ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಬಳಿ, ಬೆಟ್ಟದ ಬುಡದಲ್ಲಿರುವ ಈ ಮಠದ ಮೂಲವನ್ನು ಪರಂಪರೆಯು 15ನೆಯ ಶತಮಾನದ ಗೋಸಲ ಸಿದ್ಧೇಶ್ವರರೊಂದಿಗೆ ಜೋಡಿಸುತ್ತದೆ. ಬೆಟ್ಟದ ಮೇಲಿನ ನೀರಿನ ಸೆಲೆಯೇ ಸಿದ್ಧಗಂಗೆ. ಮಠದ ಅಡುಗೆಮನೆಯ ಒಲೆಯನ್ನು ಅಟವಿ ಸ್ವಾಮಿಗಳು ಹೊತ್ತಿಸಿದರೆಂದೂ, ಅಂದಿನಿಂದ ಅದು ಆರಿಲ್ಲವೆಂದೂ ಭಕ್ತರು ನಂಬುತ್ತಾರೆ. ಅವರ ನಂತರದ ಉದ್ದಾನ ಶಿವಯೋಗಿಗಳು ಅನ್ನದ ಜೊತೆಗೆ ಅಕ್ಷರವನ್ನೂ ಸೇರಿಸಿದರು; 1917ರಲ್ಲಿ ಮಠದಲ್ಲಿ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು.

ಈ ಕಥೆಯೊಳಗೆ ಶಿವಣ್ಣನೆಂಬ ಬಾಲಕ ಪ್ರವೇಶಿಸುತ್ತಾನೆ. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಮಗನಾಗಿ ಹುಟ್ಟಿದ ಈತ ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡನು. ತುಮಕೂರು ಸೀಮೆಯ ನಾಗವಲ್ಲಿಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದನು. ಆ ದಿನಗಳಲ್ಲಿ ಕೆಲಕಾಲ ಸಿದ್ಧಗಂಗಾ ಮಠದಲ್ಲಿಯೇ ಉಂಡು ಓದಿದ ವಿದ್ಯಾರ್ಥಿ ಆತ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಆಶ್ರಯ ಕೊಟ್ಟದ್ದು ಗುಬ್ಬಿ ತೋಟದಪ್ಪನವರ ಉಚಿತ ವಿದ್ಯಾರ್ಥಿನಿಲಯ. ಮುಂದೆ ಲಕ್ಷಾಂತರ ಮಕ್ಕಳಿಗೆ ಉಣಬಡಿಸಿದವರು ಸ್ವತಃ ಪರರ ಅನ್ನದ ಋಣದಲ್ಲಿ ಓದಿದವರು ಎಂಬುದನ್ನು ನಾವು ಮರೆಯಬಾರದು.

ಮೊದಲ ಜನವರಿ 1930ರದು. ಉದ್ದಾನ ಶಿವಯೋಗಿಗಳು ಉತ್ತರಾಧಿಕಾರಿಯೆಂದು ಆರಿಸಿದ್ದ ಮರುಳಾರಾಧ್ಯರು ಆ ತಿಂಗಳು ಅಕಾಲದಲ್ಲಿ ತೀರಿಕೊಂಡರು. ಶಿವಣ್ಣನವರಿಗೆ ಅವರು ಗೆಳೆಯರೂ ಆಗಿದ್ದರು. ಗುರು ತನ್ನ ಶಿಷ್ಯನನ್ನು ಕಳೆದುಕೊಂಡಿದ್ದರು, ವಿದ್ಯಾರ್ಥಿ ತನ್ನ ಗೆಳೆಯನನ್ನು ಕಳೆದುಕೊಂಡಿದ್ದನು. ಆ ದುಃಖದ ನಡುವೆಯೇ ಉದ್ದಾನ ಶಿವಯೋಗಿಗಳ ದೃಷ್ಟಿ ಶಿವಣ್ಣನವರ ಮೇಲೆ ಬಿದ್ದಿತು. 1930ರ ಮಾರ್ಚ್ 3ರಂದು ಅವರು ವಿರಕ್ತಾಶ್ರಮ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. ಪದವಿ ಪೂರ್ಣಗೊಳ್ಳಲಿಲ್ಲ. ಇನ್ನೊಬ್ಬರಿಗಾಗಿ ಸಿದ್ಧವಾಗಿದ್ದ ಸ್ಥಾನದಲ್ಲಿ, ಆ ಇನ್ನೊಬ್ಬರ ಅಗಲಿಕೆಯಿಂದ ಕುಳಿತವರು ಅವರು.

ಎರಡನೆಯ ಜನವರಿ 1941ರದು. ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದರು. ಜನವರಿ 11ರಂದು ಮಠದ ಸಂಪೂರ್ಣ ಹೊಣೆ 33 ವರ್ಷದ ಶಿವಕುಮಾರ ಸ್ವಾಮಿಗಳ ಹೆಗಲಿಗೇರಿತು. ಜಗತ್ತಿನಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮುಂದಿನ ವರ್ಷಗಳಲ್ಲಿ ಮೈಸೂರು ಸಂಸ್ಥಾನಕ್ಕೂ ಧಾನ್ಯದ ಅಭಾವ ತಟ್ಟಿತು, ಪಡಿತರ ಪದ್ಧತಿ ಬಂದಿತು. ಮಠದಲ್ಲಿ ಉಣ್ಣುವ ಮಕ್ಕಳಿದ್ದರು. ಅವರಿಗೆ ಸಾಲುವಷ್ಟು ಆದಾಯವಿರಲಿಲ್ಲ. ಗುರುವಿಗಾಗಿ ಕುಳಿತು ದುಃಖಿಸುವ ಅವಕಾಶ ಆ ತರುಣ ಸ್ವಾಮಿಗಳಿಗೆ ದೊರೆಯಿತೇ? ಅವರು ಕಾಲ್ನಡಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿ ರಾಗಿ, ಅಕ್ಕಿ, ಬೇಳೆ ಸಂಗ್ರಹಿಸಿದರು. ರೈತರು ಕಣದಲ್ಲಿ ರಾಶಿ ಮಾಡುವಾಗ ಮಠದ ಪಾಲೆಂದು ಒಂದಿಷ್ಟನ್ನು ತೆಗೆದಿಡುವ ರೂಢಿ ನಮ್ಮ ಸೀಮೆಯಲ್ಲಿ ಹೀಗೆ ಬೆಳೆಯಿತು. ನಮ್ಮ ಅಜ್ಜನವರ ಕಣದಿಂದಲೂ ಪ್ರತಿವರ್ಷ ಒಂದು ಚೀಲ ರಾಗಿ ಹೋಗುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ಅರ್ಧ ಚೀಲ; ಆದರೆ ಬರಿಗೈಯಲ್ಲಿ ಯಾರೂ ಹೋಗುತ್ತಿರಲಿಲ್ಲ.

ನಮ್ಮ ತಂದೆಯವರು ಅದೇ ರಾಗಿಯ ಮುದ್ದೆ ಉಂಡು ಓದಿದವರು. 1950ರ ದಶಕದ ಕೊನೆಯಲ್ಲಿ, ಮಳೆ ಕೈಕೊಟ್ಟ ಒಂದು ವರ್ಷ, ಅಜ್ಜನವರು ಅವರನ್ನು ಮಠದಲ್ಲಿ ಬಿಟ್ಟು ಬಂದರು. ಸಾಲಿನಲ್ಲಿ ಅವರ ಎಡಬಲದಲ್ಲಿ ಕುಳಿತವರ ಜಾತಿ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ ಎಂಬುದನ್ನು ತಂದೆಯವರು ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ಹಳ್ಳಿಯಲ್ಲಿ ಆಗ ಅದು ಊಹಿಸಲಾಗದ ಸಂಗತಿಯಾಗಿತ್ತು. ಬೆಳಗು ಸಂಜೆ ಬಯಲಿನಲ್ಲಿ ಸಾಮೂಹಿಕ ಪ್ರಾರ್ಥನೆ, ಎದುರಿಗೆ ಬುದ್ಧಿಯವರು. ರಾತ್ರಿ ಜ್ವರ ಬಂದ ಹುಡುಗನ ಹಣೆ ಮುಟ್ಟಿ ನೋಡಲು ಅವರೇ ಬರುತ್ತಿದ್ದರೆಂದು ತಂದೆಯವರು ಹೇಳುವಾಗ, ಸ್ವತಃ ವೈದ್ಯರಾದ ನಮಗೆ ಅದರ ಬೆಲೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಇಲ್ಲಿ ಒಂದು ಪದದ ಕುರಿತು ಎರಡು ಮಾತು. ನಾವು ಸಲೀಸಾಗಿ ಬಳಸುವ "ದಾಸೋಹ"ವನ್ನು ಅನ್ನದಾನವೆಂದಷ್ಟೇ ತಿಳಿಯುವುದುಂಟು. 12ನೆಯ ಶತಮಾನದ ಶರಣರು ಕಾಯಕದ ಜೊತೆಗೆ ಇಟ್ಟ ಈ ಪದದ ಅರ್ಥ "ನಾನು ದಾಸ" ಎಂದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಬಡಿಸುವವನೇ ಸೇವಕ, ಉಣ್ಣುವವನು ಜಂಗಮ. ದುಡಿದು ಗಳಿಸಿದ್ದರಲ್ಲಿ ತನಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಸಮಾಜಕ್ಕೆ ಮರಳಿಸುವುದು ಅದರ ನಿಯಮ. ಮಠದ ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹ ಈ ತತ್ತ್ವದ ಮೇಲೆ ನಿಂತದ್ದು. 1963ರಲ್ಲಿ ತುಮಕೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಸಂಸ್ಥೆಗಳ ಸಂಖ್ಯೆ ಬೆಳೆದು ನೂರನ್ನು ದಾಟಿತು. ಮಠದಲ್ಲಿಯೇ ಉಂಡು ಓದುವ ಮಕ್ಕಳು ಸುಮಾರು 10,000 ಆದರು. ಕರ್ನಾಟಕ ಸರ್ಕಾರದ ಶಾಲಾ ಬಿಸಿಯೂಟ ಯೋಜನೆ 2002ರಲ್ಲಿ ಮೊದಲಾದಾಗ ಅದಕ್ಕೆ ಇಟ್ಟ ಹೆಸರು "ಅಕ್ಷರ ದಾಸೋಹ". ಶರಣರ ಮಾತೊಂದು ಸರ್ಕಾರದ ಕಡತವನ್ನು ಸೇರಿದ ಅಪರೂಪದ ಸಂದರ್ಭವದು. ಸ್ವಾಮಿಗಳಿಗೆ 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದವು. ಭಕ್ತರು ಭಾರತರತ್ನವನ್ನು ಕೇಳುತ್ತಲೇ ಬಂದರು.

ಮೂರನೆಯ ಜನವರಿಯೇ ನಾವು ಕಂಡದ್ದು. ಅವರ ಕೊನೆಯ ವರ್ಷಗಳ ಕಾಯಿಲೆಯ ವಿವರಗಳನ್ನು ನಾವು ದೂರದಿಂದ, ಪತ್ರಿಕೆಗಳಲ್ಲಿ ಓದುತ್ತಿದ್ದೆವು. ಪಿತ್ತನಾಳ ಕಟ್ಟಿಕೊಂಡು ಹಲವು ಬಾರಿ ಸ್ಟೆಂಟ್ ಹಾಕಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆಯಾಯಿತು. 111ನೆಯ ವಯಸ್ಸಿನಲ್ಲಿ ಅಂತಹ ಶಸ್ತ್ರಚಿಕಿತ್ಸೆಯನ್ನು ದೇಹ ತಾಳಿಕೊಂಡದ್ದೇ ವೈದ್ಯರಿಗೆ ಸೋಜಿಗ. ಆದರೆ ಅದರ ನಂತರ ಶ್ವಾಸಕೋಶದ ಸೋಂಕು ಬಂದಿತು. ತೀರ ವಯಸ್ಸಾದ ರೋಗಿಗಳಲ್ಲಿ ಈ ಹಾದಿಯನ್ನು ನಾವು ವಾರ್ಡಿನಲ್ಲಿ ಅನೇಕ ಬಾರಿ ನೋಡಿದ್ದೇವೆ. ಅದರ ಕೊನೆ ಎಲ್ಲಿ ಎಂಬುದೂ ಗೊತ್ತು. ಜನವರಿಯಲ್ಲಿ ಅವರನ್ನು ಆಸ್ಪತ್ರೆಯಿಂದ ಮಠಕ್ಕೆ ಕರೆತಂದು ಅಲ್ಲಿಯೇ ಚಿಕಿತ್ಸೆ ಮುಂದುವರಿಸಿದರೆಂದು ಓದಿದಾಗ, ತಂದೆಯವರಿಗೆ ಅದು ಚೇತರಿಕೆಯ ಸುದ್ದಿಯಾಗಿ ಕಂಡಿತು. ನಮಗೆ ಹಾಗೆ ಕಾಣಲಿಲ್ಲ. ಆದರೂ ಫೋನಿನಲ್ಲಿ, "ಹೌದಪ್ಪಾಜಿ, ಒಳ್ಳೇದಾಯ್ತು" ಎಂದೆವು. ವೈದ್ಯರಾಗಿ ಆಡಿದ ಆ ಅರ್ಧಸತ್ಯ ಇಂದಿಗೂ ನಮ್ಮನ್ನು ಸ್ವಲ್ಪ ಚುಚ್ಚುತ್ತದೆ.

ತಮ್ಮ ಕೊನೆಯ ಸುದ್ದಿಯನ್ನು ಮಕ್ಕಳು ಉಂಡ ನಂತರವೇ ಹೇಳಬೇಕೆಂದು ಸ್ವಾಮಿಗಳು ಮೊದಲೇ ಸೂಚಿಸಿದ್ದರೆಂದು ಮಠದವರು ತಿಳಿಸಿದರು. ಸುದ್ದಿ ತಿಳಿದರೆ ಮಕ್ಕಳು ತಟ್ಟೆಯ ಮುಂದಿನಿಂದ ಏಳುತ್ತಾರೆ. 10,000 ಮಕ್ಕಳು ಉಪವಾಸ ಉಳಿಯುತ್ತಾರೆ. ಅಂದಿನ ಮಧ್ಯಾಹ್ನ ಹಾಗೆಯೇ ನಡೆಯಿತು. ಮಕ್ಕಳ ಊಟವಾದ ನಂತರವೇ ನಾಡಿಗೆ ಸುದ್ದಿ ತಿಳಿಯಿತು. ರಾಜ್ಯ ಸರ್ಕಾರ ಮೂರು ದಿನಗಳ ಶೋಕಾಚರಣೆ ಘೋಷಿಸಿತು. ಮರುದಿನ, ಜನವರಿ 22ರಂದು, ಲಕ್ಷಾಂತರ ಜನ ಸೇರಿದರು. ಸಕಲ ಸರ್ಕಾರಿ ಗೌರವಗಳೊಂದಿಗೆ ಕ್ರಿಯಾಸಮಾಧಿ ನಡೆಯಿತು. ಬಂದವರಿಗೆಲ್ಲ ಅಂದೂ ದಾಸೋಹ ನಡೆದೇ ಇತ್ತು.

ಮೂರು ಜನವರಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆ ಮಠಕ್ಕೆ ಅಗಲಿಕೆ ಹೊಸದಲ್ಲ. ಗೆಳೆಯನನ್ನು ಕಳೆದುಕೊಂಡಾಗ ಶಿವಣ್ಣನವರು ಆ ಗೆಳೆಯನ ಹೊಣೆಯನ್ನು ಹೊತ್ತರು. ಗುರುವನ್ನು ಕಳೆದುಕೊಂಡಾಗ ಗುರುವಿನ ಮಕ್ಕಳಿಗಾಗಿ ಧಾನ್ಯ ಬೇಡಲು ಹೊರಟರು. ತಾವು ಹೋಗುವಾಗ ಆ ದಿನದ ಊಟ ತಪ್ಪದಂತೆ ಏರ್ಪಾಡು ಮಾಡಿದರು. 1988ರಲ್ಲಿಯೇ ಶ್ರೀ ಸಿದ್ಧಲಿಂಗ ಸ್ವಾಮಿಗಳನ್ನು ಉತ್ತರಾಧಿಕಾರಿಯಾಗಿ ನೇಮಿಸಿದ್ದರಿಂದ ಪೀಠದ ಪ್ರಶ್ನೆಯೂ ಏಳಲಿಲ್ಲ. ತಂದೆಯವರ ಬಾಯಿಂದ ಆ ಬೆಳಿಗ್ಗೆ ಬಂದ ಎರಡು ಮಾತುಗಳು ಒಂದೇ ಮಾತಾಗಿದ್ದವು. ಒಲೆ ಆರದಂತೆ ನೋಡಿಕೊಳ್ಳುವುದೇ ಆ ಮಠ ಕಲಿಸಿದ ಶೋಕ.

ಹಾಗೆಂದು ಅಗಲಿಕೆ ಇಲ್ಲವಾಗುವುದಿಲ್ಲ. "ಇನ್ನು ಊರಿಗೆ ಬಂದ್ರೆ ಯಾರನ್ನ ನೋಡಕ್ಕೆ ಹೋಗೋದು?" ಎಂದು ತಂದೆಯವರು ಆ ವರ್ಷ ಅನೇಕ ಬಾರಿ ಕೇಳಿದರು. ನಮಗೂ ಹಾಗೆಯೇ ಅನ್ನಿಸಿತು. ಪ್ರತಿ ರಜೆಯಲ್ಲಿ ವಿಮಾನ ಇಳಿದು ಊರಿನ ದಾರಿ ಹಿಡಿದಾಗ ಮೊದಲು ಮಠ, ಆಮೇಲೆ ಮನೆ ಎಂಬುದು ನಮ್ಮ ಕ್ರಮವಾಗಿತ್ತು. ಬಾಗಿದ ಬೆನ್ನು, ಕಾವಿಯ ಅಂಚಿನಲ್ಲಿ ಕಾಣುವ ಕೈ, ಹಣೆಗೆ ತಾಕುವ ವಿಭೂತಿ: ಪರದೇಶದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಊರು ಇನ್ನೂ ಹಾಗೆಯೇ ಇದೆ ಎಂಬ ಭರವಸೆ ಅಷ್ಟರಲ್ಲಿಯೇ ಸಿಗುತ್ತಿತ್ತು. ಅವರು ಹೋದಾಗ ಊರಿನ ವಿಳಾಸವೇ ಬದಲಾದಂತಾಯಿತು. ಇಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ 2015ರಿಂದ ಬಸವಣ್ಣನವರ ಪ್ರತಿಮೆಯಿದೆ. ಆ ವಾರದ ಕೊನೆಗೆ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆವು. ಹೋಗಲು ನಮಗೆ ಬೇರೆ ಜಾಗ ಹೊಳೆಯಲಿಲ್ಲ.

ಮೂರು ವರ್ಷಗಳ ನಂತರ ತಂದೆಯವರೂ ತೀರಿಕೊಂಡರು. ತಿಥಿ ಮುಗಿದ ಮೇಲೆ ಮನೆಯ ಅಟ್ಟದಲ್ಲಿ ಒಂದು ಚೀಲ ರಾಗಿ ಕಂಡಿತು. ಬಾಯಿ ಹೊಲಿದು, ಮೇಲೆ ಸುಣ್ಣದಲ್ಲಿ "ಮಠ" ಎಂದು ಬರೆದಿಟ್ಟಿದ್ದರು. ನಾವು ಆಗಲೇ ಮರಳುವ ವಿಮಾನದ ಟಿಕೆಟ್ ಮಾಡಿಸಿದ್ದೆವು. ಕೆಲಸದವರ ಕೈಯಲ್ಲಿ ಕಳುಹಿಸಬಹುದಿತ್ತು. ಅದರ ಬೆಲೆಯ ಹತ್ತು ಪಟ್ಟು ಹಣವನ್ನು ಫೋನಿನಿಂದಲೇ ಕಳುಹಿಸಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ. ಟಿಕೆಟನ್ನು ಎರಡು ದಿನ ಮುಂದೂಡಿ, ಚೀಲವನ್ನು ಕಾರಿನಲ್ಲಿಟ್ಟುಕೊಂಡು ಹೋದೆವು. ಉಗ್ರಾಣದವರು ತೂಕ ಮಾಡಿ, ತಂದೆಯವರ ಹೆಸರಿನಲ್ಲಿಯೇ ರಸೀದಿ ಬರೆದು ಕೊಟ್ಟರು. ಗದ್ದುಗೆಗೆ ನಮಸ್ಕರಿಸಿ, ಮಕ್ಕಳೊಡನೆ ಸಾಲಿನಲ್ಲಿ ಕುಳಿತು ಉಂಡು ಬಂದೆವು. ಅಂದಿನಿಂದ ವರ್ಷಕ್ಕೊಮ್ಮೆ ಊರಿಗೆ ಹೋದಾಗ ನಾವೇ ಆ ಚೀಲವನ್ನು ಒಯ್ಯುತ್ತೇವೆ. ನಮ್ಮ ಹೊಲ ಈಗ ಗುತ್ತಿಗೆಯಲ್ಲಿದೆ. ಮಠದ ಚೀಲ ಮೊದಲು, ಗುತ್ತಿಗೆಯ ಲೆಕ್ಕ ಆಮೇಲೆ ಎಂದು ಮಾಡುವವರಿಗೆ ಹೇಳಿದ್ದೇವೆ.

ಕಳೆದ ಬಾರಿ ಹೋದಾಗ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ಪುಟ್ಟ ಹುಡುಗನನ್ನು ನಮ್ಮ ಮಗಳು ವಯಸ್ಸು ಕೇಳಿದಳು. ಆರು ಎಂದನು. ಲೆಕ್ಕ ಹಾಕಿದೆವು: ಅವನು ಹುಟ್ಟಿದ್ದು ಆ ಜನವರಿಯ ನಂತರ. ಬುದ್ಧಿಯವರನ್ನು ಅವನು ನೋಡಿಲ್ಲ, ಅವರಿಲ್ಲದ ಕೊರತೆ ಅವನಿಗೆ ತಿಳಿಯದು. ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತಾ, ನಮ್ಮ ತಟ್ಟೆಯ ಕಡೆ ನೋಡಿ, "ನೀವು ಯಾಕೆ ಉಣ್ತಿಲ್ಲ?" ಎಂದು ಕೇಳಿದನು.

ನಾವೂ ಉಂಡೆವು.