ಗೋಡೆಯ ಮೇಲಿನ ತಂಡ, ಕಾಣದ ಆಟ

ಬಂಟ್ವಾಳ ತಾಲೂಕಿನ ಯಾವುದಾದರೂ ಹಳೆಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ನೋಡಿ. ಗೋಡೆಯ ಮೇಲೆ ಸಾಲಾಗಿ ತಂಡಗಳ ಚಿತ್ರಗಳಿರುತ್ತವೆ. ನಡುವೆ ಮೇಜಿನ ಮೇಲೊಂದು ಶೀಲ್ಡು, ಅದರ ಹಿಂದೆ ಕೈಕಟ್ಟಿ ನಿಂತ ಹುಡುಗಿಯರು, ಒಂದು ತುದಿಯಲ್ಲಿ ಕೊರಳಿಗೆ ಸೀಟಿ ತೂಗುಹಾಕಿಕೊಂಡ ಪಿ.ಟಿ. ಮಾಸ್ತರು. ಚಿತ್ರ ತೆಗೆದದ್ದು ಅಂಗಳದ ಬಿಸಿಲಿನಲ್ಲಿ. ಪಂದ್ಯ ನಡೆದದ್ದು ಸಭಾಂಗಣದ ಒಳಗೆ. ಒಳಗಿನ ಆ ಆಟದ ಒಂದು ಚಿತ್ರವೂ ಗೋಡೆಯ ಮೇಲೆ ಸಿಗುವುದು ಅಪರೂಪ. ಶಾಲೆಯ ವಾರ್ಷಿಕ ಸಂಚಿಕೆಗಳನ್ನು ತಿರುವಿ ಹಾಕಿದರೂ ಅದೇ ಕತೆ: ಗೆದ್ದವರು ಕಾಣುತ್ತಾರೆ, ಗೆದ್ದ ರೀತಿ ಕಾಣುವುದಿಲ್ಲ.

ಆಟದ ಬಗ್ಗೆ ಆಗಿನವರಿಗೆ ಆಸಕ್ತಿ ಇರಲಿಲ್ಲವೆಂದು ತೀರ್ಮಾನಿಸುವುದು ಅವಸರವಾದೀತು. ಕಾರಣ ಬೇರೆ ಕಡೆ ಇದೆ.

ಒಳಾಂಗಣದ ಆಟ ಎಂಬುದೇ ನಮ್ಮಲ್ಲಿ ಸ್ವಲ್ಪ ವಿಚಿತ್ರ ದಾರಿಯಲ್ಲಿ ಬಂದದ್ದು. ಬಾಸ್ಕೆಟ್‌ಬಾಲ್ 1891ರಲ್ಲಿ, ವಾಲಿಬಾಲ್ 1895ರಲ್ಲಿ ಅಮೆರಿಕದ ವೈ.ಎಂ.ಸಿ.ಎ. ವ್ಯಾಯಾಮಶಾಲೆಗಳ ಮಾಡಿನ ಕೆಳಗೆ ಹುಟ್ಟಿದವು. ಹೊರಗೆ ಹಿಮ ಬೀಳುವ ತಿಂಗಳುಗಳಲ್ಲಿ ಹುಡುಗರಿಗೆ ಏನಾದರೂ ಆಡಿಸಬೇಕಿತ್ತು. ಭಾರತಕ್ಕೆ ಬಂದ ಮೇಲೆ ಅವೇ ಆಟಗಳು ಬಯಲಿಗೆ ಇಳಿದವು. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಸಂಸ್ಥೆಯಲ್ಲಿ ಕಲಿತ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಈ ಆಟಗಳನ್ನು ಒಯ್ದರು. ಮಣ್ಣಿನ ಅಂಕಣ, ಸುಣ್ಣದ ಗೆರೆ, ಎರಡು ಅಡಿಕೆ ಮರದ ಕಂಬ, ಒಂದು ಬಲೆ, ಇಷ್ಟಿದ್ದರೆ ಸಾಕಾಗುತ್ತಿತ್ತು.

ಆದರೆ ಕರಾವಳಿಯಲ್ಲಿ ಬಯಲನ್ನು ನಂಬುವಂತಿಲ್ಲ. ಶಿಕ್ಷಣ ಇಲಾಖೆಯ ಗುಂಪು ಆಟಗಳು ವಲಯದಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಏರುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಅಂಕಣ ಕೆಸರಾದಾಗ ಪಂದ್ಯ ಸಭಾಂಗಣಕ್ಕೋ ಹತ್ತಿರದ ಮದುವೆ ಹಾಲಿಗೋ ನುಗ್ಗಬೇಕು. ಅಮೆರಿಕದಲ್ಲಿ ಹಿಮ ಮಾಡಿದ ಕೆಲಸವನ್ನು ಇಲ್ಲಿ ಮಳೆ ಮಾಡಿತು. ಮದುವೆ ಹಾಲೆಂದರೆ ಕಡಿಮೆಯೇನಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಮದುವೆ ಇದ್ದ ದಿನ ಅಲ್ಲಿ ಅಭ್ಯಾಸಕ್ಕೆ ರಜೆ.

ಇಂಥ ಹಾಲಿನೊಳಗೆ ಕ್ಯಾಮರಾ ಹಿಡಿದು ಬಂದವನ ಪಾಡೇನು? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಟ್ಯೂಬ್‌ಲೈಟ್ ಉರಿಯುವ ಸಭಾಂಗಣದಲ್ಲಿ 300 ಇದ್ದರೆ ಹೆಚ್ಚು. ನಮ್ಮ ಕಣ್ಣು ಇದಕ್ಕೆ ಹೊಂದಿಕೊಂಡು ಬಿಡುತ್ತದೆ, ಫಿಲ್ಮ್ ಹೊಂದಿಕೊಳ್ಳದು. 400 ವೇಗದ ಫಿಲ್ಮ್ ಹಾಕಿ, 2.8ರ ದೊಡ್ಡ ಬಾಯಿಯ ದುಬಾರಿ ಲೆನ್ಸನ್ನೇ ಬಳಸಿದರೂ ಆ ಬೆಳಕಿನಲ್ಲಿ ಷಟರು ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿರಲೇಬೇಕು. ಚೆಂಡು ಹೊಡೆಯುವ ಹುಡುಗಿಯ ಕೈ ಸೆಕೆಂಡಿಗೆ ಹತ್ತು ಮೀಟರು ವೇಗದಲ್ಲಿ ಬೀಸುತ್ತದೆ ಎಂದುಕೊಂಡರೆ, ಅಷ್ಟರಲ್ಲಿ ಅದು ಮುಕ್ಕಾಲು ಗೇಣು ಸರಿದಿರುತ್ತದೆ. ಚಿತ್ರದಲ್ಲಿ ಕೈ ಇರುವುದಿಲ್ಲ, ಬಿಳಿಯ ಹೊಗೆ ಇರುತ್ತದೆ. ಹೊಗೆ ಕೈಯಾಗಬೇಕಾದರೆ ಸೆಕೆಂಡಿನ ಐನೂರನೆಯ ಒಂದು ಭಾಗ ಸಾಕಾಗಬೇಕು, ಅಂದರೆ ಎಂಟು ಪಟ್ಟು ಬೆಳಕು ಬೇಕು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮನೆಮನೆಯಲ್ಲಿದ್ದ ಆಗ್ಫಾ ಕ್ಲಿಕ್-3 ಕ್ಯಾಮರಾದ ಷಟರು ಸುಮಾರು ಮೂವತ್ತನೆಯ ಒಂದು ಭಾಗದ್ದು. ಅದರ ಬಗ್ಗೆ ಹೇಳುವುದೇ ಬೇಡ.

ಫ್ಲಾಶ್ ಇತ್ತಲ್ಲ ಎನ್ನಬಹುದು. 1887ರಲ್ಲಿ ಜರ್ಮನಿಯಲ್ಲಿ ಬಂದ ಮೆಗ್ನೀಸಿಯಂ ಪುಡಿಯ ಫ್ಲಾಶ್ ಹಾಲನ್ನೆಲ್ಲ ಹೊಗೆಯಿಂದ ತುಂಬಿಸುತ್ತಿತ್ತು. 1929ರ ಹೊತ್ತಿಗೆ ಗಾಜಿನ ಬಲ್ಬುಗಳು ಬಂದವು. 1931ರಿಂದ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ರೂಪಿಸಿದ ಎಲೆಕ್ಟ್ರಾನಿಕ್ ಫ್ಲಾಶ್ ಕ್ಷಣವನ್ನು ಕಲ್ಲಿನಂತೆ ನಿಲ್ಲಿಸಬಲ್ಲದು ಎಂದು ತೋರಿಸಿತು. ಅವರೊಂದಿಗೆ ಕೆಲಸ ಮಾಡಿದ ಜಾನ್ ಮಿಲಿ ‘ಲೈಫ್’ ಪತ್ರಿಕೆಗೆ ತೆಗೆದ ಚಿತ್ರಗಳು ಹೆಸರಾದವು. ಆ ಬಳಿಕ ಅಲ್ಲಿನ ದೊಡ್ಡ ಕ್ರೀಡಾಂಗಣಗಳ ಮಾಡಿಗೇ ಫ್ಲಾಶ್ ದೀಪಗಳನ್ನು ಕಟ್ಟುವ ಪದ್ಧತಿ ಬಂತು. ನಮ್ಮ ಛಾಯಾಗ್ರಾಹಕನ ಬಳಿ ಇದ್ದದ್ದು ಕ್ಯಾಮರಾದ ನೆತ್ತಿಯ ಮೇಲಿನ ಒಂದೇ ಫ್ಲಾಶ್. ಅದರ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ: ಮೂರು ಮೀಟರು ದೂರದ ಆಟಗಾರ್ತಿಗೆ ಸಿಕ್ಕಿದ ಬೆಳಕಿನಲ್ಲಿ ಒಂಬತ್ತನೇ ಒಂದು ಪಾಲು ಮಾತ್ರ ಒಂಬತ್ತು ಮೀಟರು ದೂರದವಳಿಗೆ. ವಾಲಿಬಾಲ್ ಅಂಕಣದ ಅಗಲವೇ ಒಂಬತ್ತು ಮೀಟರು. ಹತ್ತಿರದವಳು ಸುಣ್ಣ ಬಳಿದಂತೆ, ಆಚೆಯವಳು ಮಸಿಯಲ್ಲಿ ಮುಳುಗಿದಂತೆ. ಇದರ ಮೇಲೆ ಆಟಗಾರರ ಕಣ್ಣು ಕುಕ್ಕುತ್ತದೆಂದು ಅಂಪೈರರ ಗದರಿಕೆ. ಷಟಲ್ ಪಂದ್ಯದಲ್ಲಂತೂ ಫ್ಲಾಶ್ ಕೂಡದೇ ಕೂಡದು, ಅದು ನ್ಯಾಯವೇ.

ಬೆಳಕಿನಷ್ಟೇ ದೊಡ್ಡ ತೊಡಕು ದುಡ್ಡಿನದು. ಮೆಲ್ಕಾರ್, ಬಿ.ಸಿ. ರೋಡ್, ಮೂಡುಬಿದಿರೆ ಪೇಟೆಗಳ ಸ್ಟುಡಿಯೋದವರು ಶಾಲೆಗೆ ಬರುವಾಗ ಒಂದು ರೋಲು ತರುತ್ತಿದ್ದರು, 36 ಚಿತ್ರಗಳದ್ದು. ಆಮದು ನಿರ್ಬಂಧದ ಕಾಲದಲ್ಲಿ ವಿದೇಶಿ ಫಿಲ್ಮಿಗೆ ಬೆಲೆ ಹೆಚ್ಚು. 1967ರಲ್ಲಿ ಉತ್ಪಾದನೆ ಆರಂಭಿಸಿದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯ ‘ಇಂದು’ ಫಿಲ್ಮ್ ಸಿಗುತ್ತಿತ್ತು, ಅದನ್ನೂ ಲೆಕ್ಕವಿಟ್ಟೇ ಖರ್ಚು ಮಾಡಬೇಕು. ಅತಿಥಿಗಳಿಗೆ ಸ್ವಾಗತ, ದೀಪ ಬೆಳಗುವುದು, ಭಾಷಣ, ಬಹುಮಾನ, ಕೊನೆಗೆ ತಂಡದ ಚಿತ್ರ. ಇಷ್ಟಾದ ಮೇಲೆ ಆಟಕ್ಕೆ ಉಳಿಯುತ್ತಿದ್ದದ್ದು ಎರಡೋ ಮೂರೋ. ಅವೂ ಮಸುಕಾದರೆ ಪ್ರಿಂಟ್ ಹಾಕುವವರಾರು?

ಆದರೂ ಬಲ್ಲವರು ಇದ್ದರು. ಈ ಸೀಮೆಯ ಛಾಯಾಗ್ರಾಹಕರಿಗೆ ಕತ್ತಲೆ ಹೊಸದಲ್ಲ. ಯಕ್ಷಗಾನದ ರಂಗಸ್ಥಳದಲ್ಲೂ ಕೋಲದ ಗದ್ದೆಯಲ್ಲೂ ರಾತ್ರಿಯಿಡೀ ನಿಂತ ಕಣ್ಣು ಅವರದು. ಧೀಂಗಿಣ ಹಾಕುವ ವೇಷಧಾರಿಯ ನೆಗೆತಕ್ಕೂ ಸ್ಮ್ಯಾಶ್ ಹೊಡೆಯುವ ಹುಡುಗಿಯ ನೆಗೆತಕ್ಕೂ ಒಂದು ಸಾಮ್ಯವಿದೆ. ಮೇಲೇರುವ ದೇಹ ಇಳಿಯುವ ಮೊದಲು ತುದಿಯಲ್ಲಿ ಅರೆಕ್ಷಣ ತಡೆಯುತ್ತದೆ. ಆ ಅರೆಕ್ಷಣಕ್ಕೆ ಕಾದವನಿಗೆ ನಿಧಾನದ ಷಟರಿನಲ್ಲೂ ಮುಖ ಸ್ಪಷ್ಟವಾಗಿ ಸಿಗುತ್ತದೆ. ಅಂಕಣದ ಗೆರೆಯ ಹೊರಗೆ, ಬಲೆಯ ಕಂಬದಿಂದ ಸ್ವಲ್ಪ ಹಿಂದೆ ನೆಲದ ಮೇಲೆ ಕೂತರೆ ನೆಗೆತ ಇನ್ನಷ್ಟು ಎತ್ತರವಾಗಿ ಕಾಣುತ್ತದೆ. ಕೆಲವರು ಟ್ರೈ-ಎಕ್ಸ್‌ನಂತಹ ಫಿಲ್ಮನ್ನು ಎರಡು ಪಟ್ಟು, ನಾಲ್ಕು ಪಟ್ಟು ವೇಗದ್ದೆಂದು ಭಾವಿಸಿ ಬಳಸಿ, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡುತ್ತಿದ್ದರು. ಚಿತ್ರದಲ್ಲಿ ರವೆ ಎದ್ದು ಕಾಣುತ್ತಿತ್ತು. ಆಗಿನ ಪತ್ರಿಕೆಯ ಮುದ್ರಣದಲ್ಲಿ ರವೆ ಯಾವುದು, ಚುಕ್ಕಿ ಯಾವುದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಬಣ್ಣದ ಫಿಲ್ಮ್ ಬಂದಾಗ ಟ್ಯೂಬ್‌ಲೈಟ್ ಇನ್ನೊಂದು ಕಾಟ ಕೊಟ್ಟಿತು. ಮುಖಗಳೆಲ್ಲ ಹಸಿರು. ಅಲ್ಲದೆ ಚೋಕ್ ಹಾಕಿದ ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಷಟರು ವೇಗವಾದಷ್ಟೂ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕಾಗಿ ಬರುತ್ತದೆ.

ಪರಿಹಾರ ತಡವಾಗಿ ಬಂತು. 1999ರಲ್ಲಿ ನಿಕಾನ್ ಡಿ-1 ಪತ್ರಿಕಾ ಛಾಯಾಗ್ರಾಹಕರನ್ನು ಫಿಲ್ಮಿನ ಲೆಕ್ಕಾಚಾರದಿಂದ ಬಿಡಿಸಿತು. 2007ರ ನಿಕಾನ್ ಡಿ-3 ಕ್ಯಾಮರಾದಲ್ಲಿ 6400 ವೇಗ ಸಹಜವಾಗಿ ಸಿಕ್ಕಿತು. 3200ರಲ್ಲೇ ನಮ್ಮ ಸಭಾಂಗಣದ ಲೆಕ್ಕ ಸರಿಹೋಗುತ್ತದೆ. 2014ರಲ್ಲಿ ಕೆನಾನ್ ದೀಪದ ಮಿನುಗನ್ನು ಗುರುತಿಸಿ ಷಟರು ತೆರೆಯುವ ಕ್ಯಾಮರಾ ತಂದಿತು. ಈಗ ಪ್ರತಿ ತಾಯಿತಂದೆಯ ಕೈಯಲ್ಲೂ ಮೊಬೈಲಿದೆ. ಆದರೆ ಮಂದ ಬೆಳಕಿನಲ್ಲಿ ಮೊಬೈಲು ಹಲವು ಚಿತ್ರ ತೆಗೆದು ಒಂದಾಗಿ ಬೆಸೆಯುವುದರಿಂದ, ಬೀಸುವ ಕೈ ಎಷ್ಟೋ ಸಲ ಹಳೆಯ ಕಾಲದಂತೆಯೇ ಹೊಗೆಯಾಗುತ್ತದೆ.

ಇನ್ನು ಉಳಿದಿರುವುದು ಆ ಎರಡು ಮೂರು ಚಿತ್ರಗಳ ಪ್ರಶ್ನೆ. ಪ್ರಿಂಟ್ ಹಾಕದಿದ್ದರೂ ನೆಗೆಟಿವನ್ನು ಯಾರೂ ಕತ್ತರಿಸಿ ಎಸೆಯುತ್ತಿರಲಿಲ್ಲ. ಆರಾರು ಚಿತ್ರಗಳ ಪಟ್ಟಿಯಾಗಿ ಲಕೋಟೆಯಲ್ಲಿ, ಲಕೋಟೆ ಡಬ್ಬದಲ್ಲಿ, ಡಬ್ಬ ಸ್ಟುಡಿಯೋದ ಅಟ್ಟದಲ್ಲಿ. ಕರಾವಳಿಯ ತೇವಕ್ಕೆ ಅದರ ಮೇಲೆ ಬೂಸರು ಹಿಡಿಯುತ್ತಿದೆ. ಸ್ಟುಡಿಯೋ ಮುಚ್ಚಿದ ದಿನ ಡಬ್ಬ ಗುಜರಿಗೆ ಹೋಗುತ್ತದೆ. ಶತಮಾನೋತ್ಸವ ಆಚರಿಸುವ ಶಾಲೆಗಳ ಸಮಿತಿಗಳು ಹಳೆಯ ವಿದ್ಯಾರ್ಥಿಗಳಿಂದ ಆಲ್ಬಮ್ ಕೇಳಿ ಪಡೆಯುತ್ತವೆ. ಕೇಳಬೇಕಾದದ್ದು ಪೇಟೆಯ ಸ್ಟುಡಿಯೋದ ಯಜಮಾನರನ್ನು, ಅದೂ ಕೆಟ್ಟುಹೋಯಿತೆಂದು ಪ್ರಿಂಟ್ ಹಾಕದೆ ಬಿಟ್ಟ ನೆಗೆಟಿವನ್ನು. ಮಸುಕಾದ ಆ ಕೈ ಯಾರದೆಂದು ಹೇಳಬಲ್ಲವರು ಇನ್ನೂ ಊರಿನಲ್ಲಿದ್ದಾರೆ.