ಕಬ್ಬು ಸಾಗಿಸುವ ಟ್ರ್ಯಾಕ್ಟರ್-ಟ್ರೈಲರ್‌ಗಳಲ್ಲಿ ಡೀಸೆಲ್ ಉಳಿತಾಯ: ಮಾಲೀಕರು ಹಾಗೂ ಚಾಲಕರಿಗೆ ಮಾಹಿತಿ

ಪೀಠಿಕೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯ ಮುಂತಾದ ಜಿಲ್ಲೆಗಳ ರಸ್ತೆಗಳಲ್ಲಿ ಟ್ರ್ಯಾಕ್ಟರ್-ಟ್ರೈಲರ್‌ಗಳ ಸಂಚಾರ ಅಧಿಕವಾಗಿರುತ್ತದೆ. ಸಾಗಣೆ ಬಾಡಿಗೆಯು ಟನ್ನಿನ ಲೆಕ್ಕದಲ್ಲಿ ದೊರೆಯುವಾಗ, ವ್ಯರ್ಥವಾಗುವ ಡೀಸೆಲ್‌ನ ಹೊರೆ ವಾಹನದ ಮಾಲೀಕರ ಮೇಲೆಯೇ ಬೀಳುತ್ತದೆ. ಸುರಕ್ಷತೆಗೆ ಧಕ್ಕೆಯಾಗದಂತೆ ಈ ವೆಚ್ಚವನ್ನು ತಗ್ಗಿಸುವ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಡೀಸೆಲ್ ಎಲ್ಲಿ ವ್ಯಯವಾಗುತ್ತದೆ?

ಟ್ರ್ಯಾಕ್ಟರಿನ ವೇಗ ಕಡಿಮೆಯಿರುವುದರಿಂದ ಗಾಳಿಯ ತಡೆ ಇಲ್ಲಿ ಮುಖ್ಯವಲ್ಲ. ಚಕ್ರಗಳ ಉರುಳುವಿಕೆಗೆ ನೆಲ ಒಡ್ಡುವ ತಡೆ, ರಸ್ತೆಯ ಏರು ಹಾಗೂ ಪದೇ ಪದೇ ನಿಲ್ಲಿಸಿ ಹೊರಡುವುದು, ಇವೇ ಪ್ರಮುಖ ಕಾರಣಗಳು. 20 ಮೀಟರಿಗೆ 1 ಮೀಟರಿನಂತೆ ಏರುವ ದಾರಿಯಲ್ಲಿ ಪ್ರತಿ ಟನ್ ತೂಕಕ್ಕೆ ಸುಮಾರು 50 ಕಿಲೋಗ್ರಾಂ ಭಾರದಷ್ಟು ಹೆಚ್ಚಿನ ಎಳೆತ ಬೇಕಾಗುತ್ತದೆ. ಆದುದರಿಂದ ಹೊರೆಯ ತೂಕ ಹಾಗೂ ಚಕ್ರಗಳ ಸ್ಥಿತಿಗೆ ಮೊದಲ ಗಮನ ನೀಡತಕ್ಕದ್ದು.

ಹೊರಡುವ ಮುನ್ನ

1. ಟ್ರ್ಯಾಕ್ಟರ್ ಹಾಗೂ ಟ್ರೈಲರಿನ ಎಲ್ಲ ಟೈರುಗಳ ಗಾಳಿಯನ್ನು ತಯಾರಕರು ಸೂಚಿಸಿದ ಮಟ್ಟದಲ್ಲಿ ಇರಿಸುವುದು. ಉಳುಮೆಗಾಗಿ ತಗ್ಗಿಸಿದ ಗಾಳಿಯನ್ನು ರಸ್ತೆಗಿಳಿಯುವ ಮುನ್ನ ಸರಿಪಡಿಸುವುದು.
2. ಟ್ರೈಲರಿನ ಚಕ್ರವನ್ನು ಜ್ಯಾಕ್‌ನಿಂದ ಎತ್ತಿ ಕೈಯಿಂದ ತಿರುಗಿಸಿ ನೋಡುವುದು. ಸರಾಗವಾಗಿ ತಿರುಗದಿದ್ದಲ್ಲಿ ಬೇರಿಂಗ್‌ಗೆ ಗ್ರೀಸ್ ಬೇಕಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ ಎಂದು ತಿಳಿಯಬಹುದು.
3. ಹೊಗೆ ಕಪ್ಪಗಿದ್ದಲ್ಲಿ ಗಾಳಿ ಶೋಧಕ ಹಾಗೂ ನಾಜಲ್‌ಗಳನ್ನು ಪರೀಕ್ಷಿಸುವುದು. ಎಂಜಿನ್ ಮೇಲೆ ಮಿತಿಮೀರಿದ ಹೊರೆ ಬಿದ್ದಾಗಲೂ ಹೊಗೆ ಕಪ್ಪಾಗುತ್ತದೆ.
4. ಉಳುಮೆಗಾಗಿ ಅಳವಡಿಸಿದ ಹೆಚ್ಚುವರಿ ತೂಕವು ಸಾಗಣೆಗೆ ಅನಗತ್ಯವಾಗಿದ್ದಲ್ಲಿ ತೆಗೆಯುವುದು. ಆದರೆ ಮುಂಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೇರಿಂಗ್ ಹಗುರವಾಗದಂತೆ ಎಚ್ಚರ ವಹಿಸತಕ್ಕದ್ದು.

ಗದ್ದೆಯಲ್ಲಿ

ನೀರು ಹಾಯಿಸಿದ ಮೆತ್ತನೆಯ ನೆಲದಲ್ಲಿ ಹೊರೆ ಎಳೆಯಲು ಡಾಂಬರು ರಸ್ತೆಗಿಂತ ಹಲವು ಪಟ್ಟು ಹೆಚ್ಚು ಶಕ್ತಿ ಬೇಕು. ಚಕ್ರ ನಿಂತಲ್ಲಿಯೇ ತಿರುಗಿದರೆ ಡೀಸೆಲ್ ಹಾಗೂ ಟೈರು ಎರಡೂ ಹಾಳು. ಕಟಾವಿಗೆ ಸಾಕಷ್ಟು ಮುಂಚೆ ನೀರು ನಿಲ್ಲಿಸುವುದು ಮತ್ತು ಸಾಧ್ಯವಿದ್ದಲ್ಲಿ ಗಟ್ಟಿ ನೆಲದಲ್ಲಿ ಟ್ರೈಲರನ್ನು ನಿಲ್ಲಿಸಿ ಕಬ್ಬು ತುಂಬುವುದು ಸೂಕ್ತ.

ರಸ್ತೆಯಲ್ಲಿ

ಎಂಜಿನ್ ಏದುಸಿರು ಬಿಡದೆ ಎಳೆಯಬಲ್ಲ ಅತಿ ಮೇಲಿನ ಗೇರನ್ನು ಬಳಸಿ, ಸಮವೇಗದಲ್ಲಿ ಸಾಗತಕ್ಕದ್ದು. ಏರು ಆರಂಭವಾಗುವ ಮೊದಲೇ ಗೇರು ಇಳಿಸುವುದು. ಮುಂದಿನ ತಿರುವು, ಉಬ್ಬುಗಳನ್ನು ದೂರದಿಂದಲೇ ಗಮನಿಸಿ ವೇಗವನ್ನು ಕ್ರಮೇಣ ತಗ್ಗಿಸಿದರೆ ಬ್ರೇಕಿನ ಬಳಕೆಯೂ, ಮತ್ತೆ ವೇಗ ಪಡೆಯುವ ವೆಚ್ಚವೂ ಕಡಿಮೆಯಾಗುತ್ತದೆ. ಕ್ಲಚ್ ಮೇಲೆ ಕಾಲಿಟ್ಟು ಚಲಾಯಿಸಬಾರದು.

ಕಾರ್ಖಾನೆಯ ಆವರಣದಲ್ಲಿ

ತೂಕದ ಸರದಿಯಲ್ಲಿ ಎಂಜಿನ್ ಆರಿಸತಕ್ಕದ್ದು. ನಿಂತಲ್ಲಿ ಓಡುವ ಎಂಜಿನ್‌ಗೆ ಗಂಟೆಗೆ 1 ಲೀಟರ್ ಎಂದು ಲೆಕ್ಕ ಹಿಡಿದರೆ, ಟ್ರಿಪ್ಪಿಗೆ 2 ಗಂಟೆಯಂತೆ 100 ಟ್ರಿಪ್ಪುಗಳಿಗೆ 200 ಲೀಟರ್ ವ್ಯರ್ಥವಾಗುತ್ತದೆ. ಬ್ಯಾಟರಿ ದುರ್ಬಲವಾಗಿದ್ದು ಮತ್ತೆ ಚಾಲೂ ಆಗದೆಂಬ ಭಯದಿಂದ ಎಂಜಿನ್ ಆರಿಸದಿರುವವರು ಬ್ಯಾಟರಿ ಹಾಗೂ ಸ್ಟಾರ್ಟರನ್ನು ದುರಸ್ತಿ ಮಾಡಿಸುವುದೇ ಲಾಭದಾಯಕ.

ಉಳಿತಾಯವೆಂದು ಭ್ರಮಿಸಬಾರದ ಕ್ರಮಗಳು

(ಅ) ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಸಾಗುವುದು: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಆಗ ಗವರ್ನರ್ ಡೀಸೆಲ್ ಪೂರೈಕೆಯನ್ನು ತಡೆಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಓಡುತ್ತಿರಲು ಡೀಸೆಲ್ ಬೇಕೇ ಬೇಕು. ಹೀಗಾಗಿ ಉಳಿತಾಯವಿಲ್ಲ, ಎಂಜಿನ್ನಿನ ಹಿಡಿತವೂ ತಪ್ಪುತ್ತದೆ. ಟ್ರೈಲರಿಗೆ ಬ್ರೇಕ್ ಇಲ್ಲದಿದ್ದಲ್ಲಿ ಇಡೀ ಹೊರೆ ಹಿಂದಿನಿಂದ ತಳ್ಳಿ ಟ್ರ್ಯಾಕ್ಟರ್ ಮಗುಚುವ ಸಂಭವವಿದೆ. ಇಳಿಯುವ ಮೊದಲೇ ಕೆಳಗಿನ ಗೇರು ಹಾಕಿ, ಎರಡೂ ಬ್ರೇಕ್ ಪೆಡಲುಗಳನ್ನು ಜೋಡಿಸಿರತಕ್ಕದ್ದು.

(ಆ) ಟ್ರಿಪ್ಪು ಉಳಿಸಲು ಅಧಿಕ ಭಾರ ಹೇರುವುದು: ಹೆಚ್ಚುವರಿ ಭಾರದಿಂದ ಕ್ಲಚ್, ಟೈರು ಹಾಗೂ ಬ್ರೇಕ್ ಬೇಗ ಸವೆಯುತ್ತವೆ. ಅಲ್ಲದೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಅಧಿನಿಯಮ, 1988ರ 194ನೇ ಪ್ರಕರಣವು ಅಧಿಕ ಭಾರಕ್ಕೆ 20,000 ರೂ. ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡವನ್ನು ನಿಗದಿಪಡಿಸಿದೆ. ಒಂದು ಬಾರಿಯ ದಂಡವು ಅನೇಕ ಟ್ರಿಪ್ಪುಗಳ ಡೀಸೆಲ್ ಉಳಿತಾಯವನ್ನು ಮೀರುತ್ತದೆ.

ಲೆಕ್ಕ ಇಡುವ ಕ್ರಮ

ಟ್ಯಾಂಕನ್ನು ಪೂರ್ಣ ತುಂಬಿಸಿ ಕೆಲಸ ಆರಂಭಿಸಿ, ವಾರದ ಕೊನೆಗೆ ಮತ್ತೆ ಪೂರ್ಣ ತುಂಬಿಸುವುದು. ಎರಡನೆಯ ಬಾರಿ ಹಾಕಿದ ಡೀಸೆಲೇ ಆ ವಾರದ ಬಳಕೆ. ಇದನ್ನು ತೂಕದ ಚೀಟಿಗಳಲ್ಲಿರುವ ಒಟ್ಟು ಟನ್‌ಗಳಿಂದ ಭಾಗಿಸಿದರೆ ಟನ್ನಿಗೆ ತಗುಲಿದ ಡೀಸೆಲ್ ತಿಳಿಯುತ್ತದೆ. ಅದೇ ದಾರಿಯಲ್ಲಿ ಈ ಅಂಕಿ ಏರುತ್ತಾ ಹೋದರೆ ಯಂತ್ರದಲ್ಲಿ ಅಥವಾ ಚಾಲನೆಯಲ್ಲಿ ದೋಷವಿದೆ ಎಂದರ್ಥ.

ಉಳಿಸಿದ ಪ್ರತಿ ಲೀಟರ್ ಡೀಸೆಲ್‌ನಿಂದ ಸುಮಾರು 2.6 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರುವುದು ತಪ್ಪುತ್ತದೆ. ಮಾಲೀಕರು ಈ ಮಾಹಿತಿಯನ್ನು ತಮ್ಮ ಚಾಲಕರಿಗೂ ತಿಳಿಯಪಡಿಸಿ, ಹಂಗಾಮಿಗೆ ಮುನ್ನವೇ ವಾಹನಗಳನ್ನು ಸುಸ್ಥಿತಿಯಲ್ಲಿರಿಸಬೇಕೆಂದು ಕೋರಲಾಗಿದೆ.